ಕೇಳುವವಳ ಕುರ್ಚಿ

ಜೂನ್ 4

ಅಕ್ಕ,

ಇದನ್ನು ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ ಇಟ್ಟುಬಿಡುತ್ತೀಯ, ಅದಕ್ಕೇ ಕಾಗದ. ಅಂಗಡಿಯಲ್ಲಿ ಗಿರಾಕಿ ಇದ್ದರೆ ಅವರ ತಲೆ ಮುಗಿಸಿ ಕಳಿಸಿ ಆಮೇಲೆ ಓದು. ಕತ್ತರಿ ಕೈಯಲ್ಲಿಟ್ಟುಕೊಂಡು ಓದುವ ಕಾಗದ ಇದಲ್ಲ.

ನಿನ್ನ ಹಾಸ್ಟೆಲಿನ ಲೀಡರ್ ಸಿಕ್ಕಿದ್ದಾಳೆ. ನನ್ನ ಕ್ಲಾಸಿನಲ್ಲೇ ಇದ್ದಾಳೆ.

ಹೇಗೆ ಗೊತ್ತಾಯಿತು ಅಂತ ಹೇಳುತ್ತೇನೆ. ನಮ್ಮ ಆಪ್ತಸಮಾಲೋಚನೆ ಕೋರ್ಸಿನಲ್ಲಿ ಪುಸ್ತಕ ಓದಿಸುವುದು ಕಡಿಮೆ, ಮೂರು ಮೂರು ಜನರನ್ನು ಒಂದೊಂದು ಕೋಣೆಗೆ ಕಳಿಸುವುದೇ ಜಾಸ್ತಿ. ಒಬ್ಬರು ಹೇಳಬೇಕು, ಒಬ್ಬರು ಕೇಳಬೇಕು, ಇನ್ನೊಬ್ಬರು ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡು ನೋಡಬೇಕು. ಹೇಳುವವರು ಕಟ್ಟುಕತೆ ಹೇಳುವಂತಿಲ್ಲ, ತಮ್ಮ ಸ್ವಂತ ಗಾಯವನ್ನೇ ತರಬೇಕು. "ತನ್ನ ಹುಣ್ಣು ಮುಟ್ಟಿಕೊಳ್ಳೋಕೆ ಹೆದರೋರು ಇನ್ನೊಬ್ಬರ ಹುಣ್ಣು ತೊಳೆಯೋಕಾಗಲ್ಲ" ಅನ್ನುತ್ತಾರೆ ನಮ್ಮ ದೊಡ್ಡ ಮೇಡಂ. ಕೇಳುವವರು ತಮ್ಮ ವಿಷಯ ಒಂದಕ್ಷರ ಎತ್ತುವಂತಿಲ್ಲ. ಕೊನೆಗೆ, ಕೇಳಿಸಿಕೊಂಡದ್ದನ್ನೆಲ್ಲ ತಮ್ಮ ಮಾತಿನಲ್ಲಿ ಮರಳಿ ಹೇಳಬೇಕು. ಹೇಳಿಕೊಂಡವರು "ಹೌದು, ಹಾಗೇ ಆಯ್ತು" ಅನ್ನುವವರೆಗೆ ಬಿಡುಗಡೆ ಇಲ್ಲ. ಇನ್ನೊಂದು ನಿಯಮ, ಕೋಣೆಯ ಮಾತು ಕೋಣೆ ದಾಟಬಾರದು. ನಾನು ಈಗ ದಾಟಿಸುತ್ತಿದ್ದೇನೆ. ಗೊತ್ತಾದರೆ ಹೊರಗೆ ಹಾಕುತ್ತಾರೆ. ಹಾಕಲಿ.

ನಿನ್ನೆ ನಾನು ಕೇಳುವವನು. ಮೂಲೆಯಲ್ಲಿ ನಿವೃತ್ತಿಯಾದ ಒಬ್ಬ ನರ್ಸಮ್ಮ. ಎದುರಿಗೆ ಆ ಹೆಂಗಸು. ನಲವತ್ತು ದಾಟಿದೆ, ನಿಧಾನದ ಮಾತು, ಬೇರೆಯವರಿಗೆ ಕುರ್ಚಿ ಎಳೆದುಕೊಟ್ಟು ಆಮೇಲೆ ತಾನು ಕೂರುವ ಪೈಕಿ. ಕ್ಲಾಸಿನಲ್ಲಿ ಎಲ್ಲರಿಗೂ ಅವಳನ್ನು ಕಂಡರೆ ಗೌರವ. ನನಗೂ ಇತ್ತು. ಅವಳು ಶುರು ಮಾಡಿದಳು: "ನಾನಾಗ ಹಾಸ್ಟೆಲ್ ಲೀಡರ್. ಒಬ್ಬಳು ಚಿಕ್ಕ ಹುಡುಗಿ ಇದ್ದಳು, ಪಾಪ, ಮನಸ್ಸು ಅಷ್ಟು ಸರಿ ಇರಲಿಲ್ಲ. ಒಂದಿನ ಹೊದಿಕೆ ಇಡೋ ಕೋಣೆಗೆ ಹೋಗಿ ಕಬ್ಬಿಣದ ಬಾಗಿಲಿಗೆ ತಾನೇ ಕೈ ಕೊಟ್ಟುಬಿಟ್ಟಳು. ಬಲಗೈಯ ಎರಡು ಬೆರಳು. ನಾನೇ ಓಡಿಹೋಗಿ ನನ್ನ ಟವೆಲ್ ಸುತ್ತಿದೆ. ಇವತ್ತಿಗೂ ಎಲ್ಲಾದರೂ ಬಾಗಿಲು ಬಡಿದರೆ ಮೈ ನಡುಗುತ್ತೆ. ವರ್ಷಗಳಿಂದ ಸರಿಯಾಗಿ ನಿದ್ದೆ ಇಲ್ಲ."

ಆಮೇಲೆ ಅತ್ತಳು. ನಾನು ಟಿಶ್ಯೂ ಡಬ್ಬ ಮುಂದೆ ಹಿಡಿದೆ, "ಆಗ ನಿಮಗೆ ಏನನ್ನಿಸ್ತು?" ಅಂತ ಕೇಳಿದೆ. ಆ ನನ್ನ ನಾಲಗೆಗೆ ಬರೆ ಹಾಕಬೇಕು. ಮರಳಿ ಹೇಳುವಾಗ ಅವಳ ಸುಳ್ಳನ್ನೆಲ್ಲ ನಾನೇ ನನ್ನ ಬಾಯಿಂದ ಹೇಳಿದೆ ಅಕ್ಕ. "ಹೌದು, ಹಾಗೇ ಆಯ್ತು" ಅಂದಳು.

ಮಂಗ ಮೊಸರು ತಿಂದು ಮೇಕೆ ಬಾಯಿಗೆ ಒರೆಸಿದ್ದು ಹಳೇ ಕತೆ. ಈ ಮಂಗ ಈಗ ತನಗೆ ಹೊಟ್ಟೆನೋವು ಅಂತ ಊರೆಲ್ಲ ಅಳುತ್ತಿದೆ. ನಾನು ಯಾರ ತಮ್ಮ ಅಂತ ಅವಳಿಗೆ ಗೊತ್ತಿಲ್ಲ. ಅವಳನ್ನು ಸುಮ್ಮನೆ ಬಿಡುವುದಿಲ್ಲ. ನೀನು ಹೂಂ ಅನ್ನು, ಸಾಕು.

ನಿನ್ನ ತಮ್ಮ


ಜುಲೈ 2

ಪುಟ್ಟಾ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಅಂಗಡಿಗೆ ಹೊಸ ಕುರ್ಚಿ ತರಿಸಿದ್ದೆ. ಹಿಂದಕ್ಕೆ ಬಾಗಿಸಿದರೆ ಮುಂದಕ್ಕೆ ಬರುವುದಿಲ್ಲ. ಮೊನ್ನೆ ಒಬ್ಬರು ತಲೆಗೆ ಬಣ್ಣ ಹಚ್ಚಿಸಿಕೊಂಡು ಒರಗಿದವರು ಒರಗಿದ ಹಾಗೇ ಉಳಿದರು. ನಿನ್ನ ಭಾವ ಸ್ಪ್ಯಾನರ್ ತಂದು ಬಿಡಿಸುವಷ್ಟರಲ್ಲಿ ಅವರು ನನಗೆ ಸೊಸೆಯ ಮೇಲಿನ ದೂರನ್ನೆಲ್ಲ ಹೇಳಿ ಮುಗಿಸಿದ್ದರು. ನಿನ್ನ ಕೋರ್ಸಿಗೆ ನನ್ನನ್ನೇ ಟೀಚರಾಗಿ ಕರೆಯಬೇಕಿತ್ತು.

ಅಮ್ಮನ ಮಂಡಿನೋವು ಹಾಗೇ ಇದೆ. ಡಾಕ್ಟರ್ ನಡೆಯಿರಿ ಅಂದರೆ ಕೂರುತ್ತಾಳೆ, ಕೂತಿರಿ ಅಂದರೆ ಪಾತ್ರೆ ತೊಳೆಯಲು ಎದ್ದು ಹೋಗುತ್ತಾಳೆ. ಈ ವಿಷಯ ಅವಳ ಕಿವಿಗೆ ಬೀಳಬಾರದು.

ನೀನು ಬರೆದದ್ದು ಓದಿದೆ. ಎರಡು ಮಾತು ಕೇಳಬೇಕು. ಅವಳ ಕೂದಲು ಈಗಲೂ ಅಷ್ಟು ಉದ್ದ ಇದೆಯಾ? ಟವೆಲ್ ಸುತ್ತಿದೆ ಅಂದಳಲ್ಲ, ಯಾವ ಬಣ್ಣದ್ದು ಅಂದಳು?

ನಾನು ಹೂಂ ಅಂದಿಲ್ಲ. ಉಹೂಂ ಅಂತಲೂ ಅಂದಿಲ್ಲ. ನಾನು ಹೇಳುವವರೆಗೆ ಕೈಕಟ್ಟಿ ಕೂತಿರು.

ಅಕ್ಕ


ಜುಲೈ 9

ಅಕ್ಕ,

ಕೂದಲಂತೆ, ಟವೆಲಂತೆ. ನಿನ್ನ ಕಾಗದ ಓದಿ ನನಗೆ ಅಳು ಬಂತು. ಇದಕ್ಕೆ ನಮ್ಮಲ್ಲಿ ವಿವರಣೆ ಇದೆ. ಸಹಿಸಲಾಗದ ನೋವು ಎದುರಾದಾಗ ಮನಸ್ಸು ಅಕ್ಕಪಕ್ಕದ ಸಣ್ಣ ವಸ್ತುಗಳನ್ನು ಹಿಡಿದುಕೊಂಡು ಜೋತಾಡುತ್ತದಂತೆ. ನೀನು ಈಗ ಮಾಡುತ್ತಿರುವುದು ಅದನ್ನೇ. ಇಷ್ಟು ವರ್ಷ ಅದುಮಿಟ್ಟುಕೊಂಡದ್ದು ಹೊರಬರಲು ನಿನಗೆ ಸಮಯ ಬೇಕು. ತೆಗೆದುಕೋ. ಅಲ್ಲಿಯವರೆಗೆ ನಾನು ಕೈಕಟ್ಟಿ ಕೂರಲಾರೆ.

ಶುರು ಮಾಡಿದ್ದೇನೆ. ನಮ್ಮ ಮೂವರ ಗುಂಪು ಕೋರ್ಸ್ ಮುಗಿಯುವವರೆಗೆ ಬದಲಾಗುವುದಿಲ್ಲ, ಹಾಗಾಗಿ ಅವಳು ವಾರಕ್ಕೊಮ್ಮೆ ನನ್ನೆದುರು ಕೂರಲೇಬೇಕು. ನನ್ನ ಸರದಿ ಬಂದಾಗ ಅಪ್ಪ ತೀರಿಕೊಂಡದ್ದು ಹೇಳಿ ಜಾರಿಕೊಳ್ಳುತ್ತೇನೆ. ಅವಳ ಸರದಿ ಬಂದಾಗ ಬಾಗಿಲಿನ ಹತ್ತಿರಕ್ಕೇ ಎಳೆದುಕೊಂಡು ಹೋಗುತ್ತೇನೆ. "ಆ ಕೋಣೆಯಲ್ಲಿ ಬೆಳಕು ಎಲ್ಲಿಂದ ಬರ್ತಿತ್ತು? ನೀವು ಒಳಗಿದ್ರಾ, ಹೊರಗಿದ್ರಾ? ಬಾಗಿಲು ಎಷ್ಟು ಭಾರ? ಒಂದೇ ಕೈಲಿ ಎಳೆಯಬಹುದಿತ್ತಾ?" ದನಿ ಮೆತ್ತಗೆ, ಮುಖದಲ್ಲಿ ಕರುಣೆ. ಒಳಗೆ ನಾನು ಹಲ್ಲು ಕಡಿಯುತ್ತಿರುತ್ತೇನೆ.

ಮೊನ್ನೆ "ಬಾಗಿಲ ಹೊರಗೇ ಇದ್ದೆ" ಅಂದಳು. ಮೊದಲ ದಿನ ಓಡಿಹೋಗಿ ಟವೆಲ್ ಸುತ್ತಿದೆ ಅಂದಿದ್ದಳು. ಬಾಗಿಲಲ್ಲೇ ಇದ್ದವರು ಎಲ್ಲಿಂದ ಓಡಿಬಂದಿರಿ ಅಂತ ಕೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಎರಡೂ ಕೈ ಕಂಕುಳಲ್ಲಿ ಅಡಗಿಸಿಕೊಂಡಳು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಮೂಲೆಯಲ್ಲಿದ್ದ ನರ್ಸಮ್ಮನ ಕಣ್ಣೂ ಒದ್ದೆ.

ನನಗೆ ಎಷ್ಟು ಖುಷಿಯಾಯಿತು ಅಂದರೆ ಬಸ್ಸಿಗೂ ಕಾಯದೆ ಮನೆಯವರೆಗೆ ನಡೆದುಕೊಂಡೇ ಬಂದೆ.

ತಮ್ಮ


ಆಗಸ್ಟ್ 1

ಅಕ್ಕ,

ಉತ್ತರ ಬರಲಿಲ್ಲ. ಬೇಡ ಅನ್ನುವುದಿದ್ದರೆ ನೀನು ಫೋನಿನಲ್ಲೇ ಬೈದು ಮುಗಿಸುತ್ತಿದ್ದೆ. ಸುಮ್ಮನಿದ್ದೀಯ ಅಂದರೆ ಹೂಂ ಅಂತಲೇ ಅರ್ಥ ಮಾಡಿಕೊಂಡಿದ್ದೇನೆ.

ಅವಳು ಒಂದು ವಾರ ಕ್ಲಾಸಿಗೆ ಬರಲಿಲ್ಲ. ಬಂದಾಗ ಮುಖ ಊದಿಕೊಂಡಿತ್ತು. ಮೆಟ್ಟಿಲ ಮೇಲೆ ನಿಂತು "ಇವತ್ತು ಬೇರೆ ಏನಾದ್ರೂ ಮಾತಾಡೋಣ್ವಾ?" ಅಂತ ನನ್ನನ್ನು ಬೇಡಿಕೊಂಡಳು. "ನಿಮಗೆ ಕಷ್ಟ ಆಗೋ ಜಾಗದಲ್ಲೇ ಕೆಲಸ ಇರೋದು ಅಂತ ಮೇಡಂ ಹೇಳಿಲ್ವಾ?" ಅಂದೆ. ಮತ್ತೆ ಬಾಗಿಲ ಹತ್ತಿರ ನಿಲ್ಲಿಸಿದೆ. ಇವತ್ತು "ಬಾಗಿಲಿನ ಮೇಲೆ ನನ್ನ ಕೈ ಇತ್ತೇನೋ" ಅನ್ನುವವರೆಗೆ ಬಂದಿದ್ದಾಳೆ.

ತಮಾಷೆ ಕೇಳು. ದೊಡ್ಡ ಮೇಡಂ ನಮ್ಮ ಕೋಣೆಗೆ ಬಂದು ಸ್ವಲ್ಪ ಹೊತ್ತು ಕೂತಿದ್ದರು. ಆಮೇಲೆ ಎಲ್ಲರೆದುರು, "ಹೀಗೆ ಕೇಳಬೇಕು. ಇವರು ಅವಸರ ಮಾಡಲ್ಲ, ಆದರೆ ತಪ್ಪಿಸಿಕೊಳ್ಳೋಕೂ ಬಿಡಲ್ಲ" ಅಂತ ನನ್ನನ್ನು ಹೊಗಳಿದರು. ಕತ್ತು ಹಿಚುಕುವವನಿಗೆ ಕೈ ಎಷ್ಟು ಮೃದು ಅಂದ ಹಾಗಾಯಿತು. ನಗು ತಡೆದುಕೊಳ್ಳಲು ಕೆಮ್ಮಬೇಕಾಯಿತು.

ತಮ್ಮ


ಆಗಸ್ಟ್ 20

ಪುಟ್ಟಾ,

ನಾನು ಸುಮ್ಮನಿದ್ದದ್ದು ಹೂಂ ಅನ್ನಲು ಅಲ್ಲ. ಎರಡು ಸಲ ಬರೆದು ಹರಿದುಹಾಕಿದೆ, ಯಾಕಂದರೆ ಎರಡರಲ್ಲೂ ನಿನ್ನನ್ನು ಬೈಯುವುದೇ ಆಗಿಹೋಯಿತು. ಇದರಲ್ಲಿ ಬೈಗುಳ ಕೊನೆಗಿಟ್ಟಿದ್ದೇನೆ.

ಕೂದಲು ಯಾಕೆ ಕೇಳಿದೆ ಅಂದರೆ, ಅವಳ ಜಡೆ ದಿನಾ ಹಾಕುತ್ತಿದ್ದವಳು ನಾನು. ಚಿಕ್ಕ ಹುಡುಗಿಯರು ಅವಳ ಸೇವೆ ಮಾಡಬೇಕಿತ್ತು, ನನ್ನ ಪಾಲಿಗೆ ಜಡೆ. ಟವೆಲ್ ಯಾಕೆ ಕೇಳಿದೆ ಅಂದರೆ, ಟವೆಲ್ ಇರಲೇ ಇಲ್ಲ. ಇಲ್ಲದ ಟವೆಲಿಗೆ ಏನು ಬಣ್ಣ ಕೊಟ್ಟಿದ್ದಾಳೋ ನೋಡೋಣ ಅನ್ನಿಸಿತು. ನನ್ನ ಮನಸ್ಸು ಯಾವುದಕ್ಕೂ ಜೋತಾಡುತ್ತಿರಲಿಲ್ಲ, ಪಂಡಿತ.

ಮನೆಯಲ್ಲಿ ನಾನು ಹೇಳಿದ್ದು ಅರ್ಧ. ಅರ್ಧವನ್ನೇ ಯಾರೂ ನಂಬಲಿಲ್ಲ, ಇನ್ನರ್ಧ ಯಾಕೆ ಅಂತ ಬಿಟ್ಟೆ. ಈಗ ಪೂರ್ತಿ ಕೇಳು. ಅವಳು ಚಿಕ್ಕವರ ಪೆನ್ನು, ಸೋಪು, ಮನೆಯಿಂದ ಬಂದ ತಿಂಡಿ ಎಲ್ಲ ಕಿತ್ತುಕೊಳ್ಳುತ್ತಿದ್ದಳು. ನಾನು ವಾರ್ಡನ್‌ಗೆ ಹೇಳಿದೆ. ವಾರ್ಡನ್ ಅವಳನ್ನೇ ಕರೆದು "ಇವಳೇನೋ ದೂರು ಹೇಳ್ತಾಳೆ, ನೀನೇ ನೋಡಿಕೋ" ಅಂದರು. ಅವಳು ಸಂಜೆ ನನ್ನನ್ನು ಹೊದಿಕೆ ಕೋಣೆಗೆ ತಳ್ಳಿದಳು. ನಾನು ಹೊರಗೆ ಬರಲು ಚೌಕಟ್ಟು ಹಿಡಿದುಕೊಂಡೆ. ಅವಳು ನನ್ನ ಕೈ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ಬಾಗಿಲು ಎಳೆದಳು. ಎಳೆದು, ಚಿಲಕ ಹಾಕಿ, ಹೋದಳು. ನಾನು ಹಾಸಿಗೆ ಬಟ್ಟೆಯನ್ನು ಹಲ್ಲಿನಲ್ಲಿ ಹರಿದು ಸುತ್ತಿಕೊಂಡೆ. ಬಟ್ಟೆ ಎಣಿಸಲು ಬಂದ ಕೆಲಸದವಳು ತೆಗೆದಾಗಲೇ ಬಾಗಿಲು ತೆರೆದದ್ದು.

ಅವಳು ವಾರ್ಡನ್‌ಗೆ ಹೇಳಿದ್ದು, "ಅವಳೇ ಮಾಡಿಕೊಂಡಳು, ತಲೆ ಸರಿ ಇಲ್ಲ ಅವಳಿಗೆ." ವಾರ್ಡನ್ ಅದನ್ನೇ ಅಪ್ಪನಿಗೆ ಹೇಳಿದರು. ಅಪ್ಪ ನಂಬಿದರು. ಓದು ನಿಂತಿತು, ಮಾತ್ರೆ ಶುರುವಾಯಿತು. ಆ ಮಾತ್ರೆ ನುಂಗಿ ನಾನು ಮಧ್ಯಾಹ್ನವೆಲ್ಲ ಬಾಯಿ ತೆರೆದು ಮಲಗಿರುತ್ತಿದ್ದೆ. ನೊಣ ಓಡಿಸಲು ಅಮ್ಮ ಪಕ್ಕದಲ್ಲಿ ಕೂರುತ್ತಿದ್ದಳು. ಬೆರಳು ಹೋದದ್ದಕ್ಕೆ ನಾನು ಎಡಗೈಯಲ್ಲಿ ಕತ್ತರಿ ಹಿಡಿಯುವುದು ಕಲಿತೆ. ಹುಚ್ಚಿ ಅನ್ನಿಸಿಕೊಂಡದ್ದಕ್ಕೆ ಏನು ಕಲಿತರೂ ಹೋಗಲಿಲ್ಲ.

ಅವಳನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಯೋಚನೆಯೂ ಇಲ್ಲ. ಅದು ನನ್ನ ಬಾಕಿ. ನೀನು ಅದರೊಳಗೆ ಬಾಡಿಗೆಗೆ ಬಂದು ಕೂರಬೇಡ.

ಒಂದು ಪ್ರಶ್ನೆ. ಅವಳಿಗೆ ಈಗ ನಿದ್ದೆ ಬರುತ್ತಾ? ಕೇಳಿ ಬರಿ.

ಅಕ್ಕ


ಸೆಪ್ಟೆಂಬರ್ 10

ಅಕ್ಕ,

ನಿನ್ನ ಕಾಗದ ಓದಿ ಊಟ ಸೇರಲಿಲ್ಲ. "ಕೈ ನೋಡಿದಳು, ಆಮೇಲೆ ಮುಖ ನೋಡಿದಳು" ಅನ್ನುವುದನ್ನು ಎಷ್ಟು ಸಲ ಓದಿದೆನೋ.

ನಿನ್ನ ಪ್ರಶ್ನೆಗೆ ಉತ್ತರ ಬರೆಯಲು ತಡವಾದದ್ದಕ್ಕೆ ಕಾರಣವಿದೆ. ಬರೆಯಲು ನಾಚಿಕೆ.

ನಿದ್ದೆ ಬರುತ್ತಂತೆ. ನಾನು ಕೇಳುವ ಮೊದಲೇ ಅವಳೇ ಹೇಳಿದಳು. ಹೋದ ಶುಕ್ರವಾರ ಕ್ಲಾಸಿಗೆ ಒಂದು ಕೇಕ್ ತಂದಿದ್ದಳು. ಎಲ್ಲರೆದುರು ನಿಂತು, "ನನ್ನ ಜೀವನದಲ್ಲಿ ಮೊದಲನೇ ಸಲ ಒಬ್ಬರು ನನ್ನನ್ನು ಆ ಬಾಗಿಲ ಹತ್ತಿರ ಒಂಟಿಯಾಗಿ ಬಿಡಲಿಲ್ಲ, ಜೊತೆಗೆ ಬಂದು ನಿಂತರು" ಅಂದಳು. ನನ್ನ ಕಡೆ ನೋಡಿ ಕೈಮುಗಿದಳು. ಎಲ್ಲರೂ ಚಪ್ಪಾಳೆ. ಮೊದಲ ತುಂಡು ನನಗೆ. ತಿಂದೆ. ಹಾಳಾದ್ದು ಚೆನ್ನಾಗಿತ್ತು.

ಮುಖದ ಬಾವು ಇಳಿದಿದೆ. ನಗುತ್ತಾಳೆ. ಈಗ ಬಾಗಿಲು ಬಡಿದರೂ ತಿರುಗಿ ನೋಡುವುದಿಲ್ಲವಂತೆ. ಬಾಗಿಲಿನ ಮೇಲೆ ತನ್ನ ಕೈ ಇತ್ತು ಅನ್ನುವುದು ಒಪ್ಪಿಗೆ, ಆದರೆ "ನಾನೂ ಮಗುವೇ ಅಲ್ವಾ, ಗೊತ್ತಾಗದೆ ಆಗಿಹೋಯ್ತು, ನನ್ನನ್ನ ನಾನು ಕ್ಷಮಿಸಿಕೊಂಡಿದ್ದೀನಿ" ಅನ್ನುತ್ತಾಳೆ. ನರ್ಸಮ್ಮ ತಬ್ಬಿಕೊಂಡರು.

ಇನ್ನೊಂದು ವಿಷಯ. ಕೋರ್ಸ್ ಮುಗಿದ ಕೂಡಲೇ ಅವಳಿಗೆ ಕೆಲಸ ಸಿಕ್ಕಿದೆ. ಹುಡುಗಿಯರ ಹಾಸ್ಟೆಲ್ ಒಂದರಲ್ಲಿ ಕೌನ್ಸೆಲರ್. ಅಲ್ಲೇ ಇರಲು ಕೋಣೆಯೂ ಕೊಡುತ್ತಾರಂತೆ. ಕೊನೆಯ ಪರೀಕ್ಷೆ ಒಂದು ಪಾಸಾದರೆ ಆಯಿತು.

ನಾನು ಏನು ಮಾಡಲಿ ಅಕ್ಕ?

ತಮ್ಮ


ಸೆಪ್ಟೆಂಬರ್ 18

ಪುಟ್ಟಾ,

ನೀನೇನು ಮಾಡಿದ್ದೀಯ ಅಂತ ಗೊತ್ತಾಯಿತಾ? ಸೇಡು ತೀರಿಸುತ್ತೇನೆ ಅಂತ ಹೊರಟು ಅವಳಿಗೆ ಚಿಕಿತ್ಸೆ ಕೊಟ್ಟಿದ್ದೀಯ. ವಾರ ವಾರ ಕೂರಿಸಿ, ಅಳಿಸಿ, ಕಣ್ಣೊರೆಸಿ, ಅವಳ ಎದೆಯ ಮುಳ್ಳು ತೆಗೆದಿದ್ದೀಯ. ನಿನ್ನ ಮೇಡಂ ಹೊಗಳಿದ್ದು ಸುಳ್ಳಲ್ಲ ಕಣೋ, ನೀನು ನಿಜವಾಗಿ ಒಳ್ಳೇ ಕೌನ್ಸೆಲರ್. ಅವಳಿಗೆ ಬಾಗಿಲ ಸದ್ದಾದರೂ ಇತ್ತು, ಅದೊಂದೇ ನನಗಾಗಿ ಅವಳಿಗೆ ಸಿಕ್ಕಿದ ಶಿಕ್ಷೆ. ಅದನ್ನೂ ನೀನು ಬಿಡಿಸಿಕೊಟ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರನ್ನು ಕೇಳಿದ್ದೆ. ಸೇಡಿಗೆ ಹೋಗಿ ಮುಲಾಮು ಹಚ್ಚಿ ಬಂದವನನ್ನು ನಿನ್ನಲ್ಲೇ ನೋಡಿದ್ದು.

ಈಗ ಹೊಲ ಮೇಯ್ದ ಆ ಬೇಲಿಯೇ ಮತ್ತೆ ಹೊಲ ಕಾಯಲು ಹೊರಟಿದೆ.

ಬಿಡು. ಒಂದು ಮಾತು ತಿಳಿಸು. ಕೊನೆಯ ಪರೀಕ್ಷೆ ಹೇಗೆ ನಡೆಯುತ್ತದೆ? ಹೊರಗಿನವರು ಬಂದು ಹೇಳಿಕೊಳ್ಳುತ್ತಾರೆ ಅಂತ ನೀನು ಯಾವಾಗಲೋ ಹೇಳಿದ್ದೆ. ಯಾರು ಬೇಕಾದರೂ ಬರಬಹುದಾ? ನನಗೂ ಹೇಳಿಕೊಳ್ಳಬೇಕು ಅನ್ನಿಸುತ್ತಿದೆ.

ಅಕ್ಕ


ಸೆಪ್ಟೆಂಬರ್ 25

ಅಕ್ಕ,

ನೀನು ಬೈದದ್ದೆಲ್ಲ ಒಪ್ಪಿದೆ. ಕೊನೆಯ ಸಾಲು ಓದಿ ಬೈಗುಳ ಮರೆತುಹೋಯಿತು. ನಿನ್ನ ಬಾಯಲ್ಲಿ ಈ ಮಾತು ಬರಲಿ ಅಂತ ನಾನು ಎಷ್ಟು ಕಾದಿದ್ದೆ.

ಯಾರು ಬೇಕಾದರೂ ಬರಬಹುದು. ಅಕ್ಟೋಬರ್ ಪೂರ್ತಿ ಪರೀಕ್ಷೆ. ಕಚೇರಿಗೆ ಫೋನ್ ಮಾಡಿ ದಿನ ಹೇಳಿದರೆ ಸಾಕು, ಹೆಸರು ಹೇಳಲೇಬೇಕು ಅಂತಿಲ್ಲ. ನೀನು ಹೇಳುತ್ತೀಯ, ನಮ್ಮಲ್ಲೊಬ್ಬರು ಕೇಳುತ್ತಾರೆ, ಮರಳಿ ಹೇಳುತ್ತಾರೆ. ಪರೀಕ್ಷೆ ಮಾಡುವವರು ಮೂಲೆಯಲ್ಲಿ ದೊಡ್ಡ ಮೇಡಂ ಒಬ್ಬರೇ. ಶುರುವಿಗೆ ಮೊದಲು ಅವರು ಕೇಳುವವರನ್ನು, "ಇವರ ಪರಿಚಯ ಇದೆಯಾ?" ಅನ್ನುತ್ತಾರೆ. ಇದ್ದರೆ ಹೇಳಿ ಎದ್ದುಬಿಡಬೇಕು, ಮಧ್ಯದಲ್ಲಿ ಗೊತ್ತಾದರೂ ಆಗಲೇ ನಿಲ್ಲಿಸಬೇಕು. ಬೇರೆ ಯಾವ ತಪ್ಪಿಗೂ ಕ್ಷಮೆ ಇದೆ, ಇದನ್ನು ಮುಚ್ಚಿಟ್ಟವರಿಗೆ ಮಾತ್ರ ಸರ್ಟಿಫಿಕೇಟ್ ಇಲ್ಲ. ಹಾಗಾಗಿ ನಿನ್ನ ಎದುರು ನಾನು ಕೂರುವಂತಿಲ್ಲ. ನರ್ಸಮ್ಮ ಸೋಮವಾರ ಇರುತ್ತಾರೆ, ತುಂಬಾ ಒಳ್ಳೆಯವರು, ಅವರ ದಿನವೇ ಕೇಳು. ಗುರುವಾರ ಬೆಳಗ್ಗೆ ಮಾತ್ರ ಬೇಡ, ಅದು ಅವಳ ಸರದಿ.

ರೈಲು ಯಾವುದು ಅಂತ ತಿಳಿಸು, ಸ್ಟೇಷನ್ನಿಗೆ ಬರುತ್ತೇನೆ.

ತಮ್ಮ


ಅಕ್ಟೋಬರ್ 30

ಪುಟ್ಟಾ,

ರೈಲು ತಿಳಿಸಲಿಲ್ಲ. ಬಂದೆ, ಹೋದೆ. ಕಚೇರಿಗೆ ಫೋನ್ ಮಾಡಿ ಗುರುವಾರ ಬೆಳಗ್ಗೆಯನ್ನೇ ಕೇಳಿ ತೆಗೆದುಕೊಂಡಿದ್ದೆ. ನಿನ್ನ ಮನೆಗೆ ಬರದಿದ್ದಕ್ಕೆ ಕಾರಣ ಕೊನೆಗೆ ಬರೆಯುತ್ತೇನೆ.

ನಿಮ್ಮ ಕೋಣೆ ಚಿಕ್ಕದು. ಎದುರುಬದುರು ಎರಡು ಕುರ್ಚಿ, ನಡುವೆ ಮೇಜಿಲ್ಲ, ಗಡಿಯಾರ ನನ್ನ ಬೆನ್ನ ಹಿಂದೆ. ನಾನು ಸ್ವೆಟರ್ ಮಡಚಿ ಬಲಗೈ ಮೇಲೆ ಹಾಕಿಕೊಂಡು ಕೂತೆ. ಅವಳು ಬಂದಳು. ಕೂದಲು ಕುತ್ತಿಗೆಯವರೆಗೆ ಕತ್ತರಿಸಿಕೊಂಡಿದ್ದಾಳೆ, ಕತ್ತರಿಸಿದವರಿಗೆ ಕೈ ನೆಟ್ಟಗಿಲ್ಲ. ಮೇಡಂ "ಪರಿಚಯ ಇದೆಯಾ?" ಅಂದರು. ಅವಳು ನನ್ನನ್ನು ನೋಡಿ ನಕ್ಕು "ಇಲ್ಲ ಮೇಡಂ" ಅಂದಳು. ಆಗ ಅದು ನಿಜವೇ.

ನಾನು ಶುರು ಮಾಡಿದೆ. ಆಗಸ್ಟಿನಲ್ಲಿ ನಿನಗೆ ಬರೆದದ್ದನ್ನೇ ಹೇಳಿದೆ. ಜಡೆ ಅನ್ನುವಾಗ ಅವಳ ಪೆನ್ನು ನಿಂತಿತು. ಹೊದಿಕೆ ಕೋಣೆ ಅನ್ನುವಾಗ ನಾನು ಸ್ವೆಟರ್ ತೆಗೆದು ಕೈಯನ್ನು ಮಂಡಿಯ ಮೇಲಿಟ್ಟೆ. ಅವಳ ಮುಖ ಬಿಳಿಚಿಕೊಂಡಿತು. ಅಲ್ಲಿಗೆ ಅವಳು ಏಳಬಹುದಿತ್ತು. "ಮೇಡಂ, ಇವರು ನನಗೆ ಗೊತ್ತು" ಅಂದಿದ್ದರೆ ಸಾಕಿತ್ತು. ನಾನು ಬೇಕಂತಲೇ ನಿಲ್ಲಿಸಿ ನೀರು ಕುಡಿದೆ. ಲೋಟ ಕೆಳಗಿಟ್ಟೆ. ಕಾದೆ. ಅವಳು ಮೇಡಂ ಕಡೆ ಒಮ್ಮೆ ನೋಡಿ, "ಮುಂದುವರಿಸಿ" ಅಂದಳು. ಹಾಸ್ಟೆಲಿನ ಕೆಲಸ ನೆನಪಾಗಿರಬೇಕು.

ಸರಿ, ಮುಂದುವರಿಸಿದೆ. ಪೂರ್ತಿ ಹೇಳಿದೆ. ಮಾತ್ರೆ, ನೊಣ, ಎಲ್ಲ. ಅವಳು ಒಂದೇ ಒಂದು ಮಾತು ತನ್ನ ಪರವಾಗಿ ಆಡುವಂತಿರಲಿಲ್ಲ. ನಾನೂ ಮಗುವೇ ಅನ್ನುವಂತಿರಲಿಲ್ಲ, ಟವೆಲ್ ಅನ್ನುವಂತಿರಲಿಲ್ಲ. ನಿಮ್ಮ ನಿಯಮ ಬಹಳ ಒಳ್ಳೆಯದು ಕಣೋ, ಅದನ್ನು ಮಾಡಿದವರಿಗೆ ನನ್ನ ನಮಸ್ಕಾರ ಹೇಳು.

ಆಮೇಲೆ ಅವಳು ಮರಳಿ ಹೇಳಬೇಕಾಯಿತು. ಮೊದಲನೇ ಸಲ, "ನಿಮಗೆ ಚಿಕ್ಕಂದಿನಲ್ಲಿ ಹಾಸ್ಟೆಲಲ್ಲಿ ಒಂದು ಅಪಘಾತ ಆಯ್ತು" ಅಂದಳು. "ಇಲ್ಲ, ಇನ್ನೊಮ್ಮೆ" ಅಂದೆ. ಎರಡನೇ ಸಲ, "ದೊಡ್ಡ ಹುಡುಗಿಯೊಬ್ಬಳು ಬಾಗಿಲು ಎಳೆದಳು, ನಿಮ್ಮ ಕೈ ಅಲ್ಲಿರೋದು ಅವಳಿಗೆ ಗೊತ್ತಿರಲಿಲ್ಲ" ಅಂದಳು. "ನಾನು ಹಾಗೆ ಹೇಳಲಿಲ್ಲ. ಇನ್ನೊಮ್ಮೆ." ಮೇಡಂ ಮೂಲೆಯಿಂದ, "ಅವರು ಹೇಳಿದ್ದನ್ನ ಮಾತ್ರ ಹೇಳಿ" ಅಂದರು. ಅವಳ ತುಟಿ ಒಣಗಿತ್ತು. ನನ್ನ ಲೋಟದ ನೀರೇ ಎತ್ತಿ ಕೊಟ್ಟೆ.

ಮೂರನೇ ಸಲ ಹೇಳಿದಳು. "ಅವಳು ನಿಮ್ಮ ಕೈ ನೋಡಿದಳು. ನಿಮ್ಮ ಮುಖ ನೋಡಿದಳು. ಗೊತ್ತಿದ್ದೂ ಎರಡು ಕೈಲಿ ಎಳೆದಳು. ಚಿಲಕ ಹಾಕಿ ಹೋದಳು. ಆಮೇಲೆ ನೀವೇ ಮಾಡಿಕೊಂಡಿರಿ ಅಂತ ಸುಳ್ಳು ಹೇಳಿದಳು. ನಿಮಗೆ ತಲೆ ಸರಿಯಾಗೇ ಇತ್ತು."

"ಹೌದು, ಹಾಗೇ ಆಯ್ತು" ಅಂದೆ.

ಮೇಡಂ ನನ್ನನ್ನು, "ಇವರು ನಿಮ್ಮನ್ನ ಅರ್ಥ ಮಾಡಿಕೊಂಡ್ರಾ?" ಅಂತ ಕೇಳಿದರು. "ಪೂರ್ತಿ. ಬಾಗಿಲು ಎಳೆದವರಲ್ವಾ" ಅಂದೆ. ಮೇಡಂ ಅವಳ ಕಡೆ ತಿರುಗಿದರು. ಲೀಡರ್, "ನಾನಾಗ ಚಿಕ್ಕವಳು" ಅಂದಳು. "ನಾನು ನಿಮಗಿಂತ ಚಿಕ್ಕವಳು" ಅಂದೆ. ಆಗ ಅತ್ತಳು. ಟಿಶ್ಯೂ ಡಬ್ಬ ನನ್ನ ಪಕ್ಕದಲ್ಲೇ ಇತ್ತು. ನಾನು ಮುಟ್ಟಲಿಲ್ಲ.

ಸಂತೋಷವಾಯಿತಾ ಅಂತ ನೀನು ಕೇಳುವ ಮೊದಲೇ ಹೇಳುತ್ತೇನೆ. ಆಯಿತು. ರೈಲಿನಲ್ಲಿ ಇಡೀ ದಾರಿ ಅದನ್ನೇ ಚಪ್ಪರಿಸಿಕೊಂಡು ಬಂದೆ. ಕ್ಷಮಿಸಿದರೆ ಮನಸ್ಸು ಹಗುರವಾಗುತ್ತದೆ ಅನ್ನುವವರು ಸೇಡು ತೀರಿಸಿಕೊಂಡು ನೋಡಿಲ್ಲ.

ಈಗ ನಿನ್ನ ವಿಷಯ. ಮೇಡಂ ನನ್ನನ್ನು ಮೆಟ್ಟಿಲವರೆಗೆ ಬಿಡಲು ಬಂದರು. ನನ್ನ ಕೈ ನೋಡುತ್ತಲೇ ಇದ್ದರು. "ಕೋರ್ಸಿಗೆ ಸೇರೋ ದಿನ ನಮ್ಮ ಒಬ್ಬ ಹುಡುಗ ಇಂಥದ್ದೇ ಹೇಳಿದ್ದ. ಅಕ್ಕನ ಕೈ ಬಾಗಿಲಿಗೆ ಸಿಕ್ಕಿದ್ದನ್ನ ಕಣ್ಣಾರೆ ಕಂಡೆ, ಆ ಸದ್ದು ಇವತ್ತಿಗೂ ಕಿವೀಲಿದೆ ಅಂತ. ಅದನ್ನ ಕೇಳಿಯೇ ಅವನನ್ನ ತಗೊಂಡಿದ್ದು" ಅಂದರು.

ಪುಟ್ಟಾ, ನೀನಾಗ ಐದು ವರ್ಷದವನು. ಮನೆಯಲ್ಲಿದ್ದೆ. ನನ್ನ ಬಾಗಿಲನ್ನು ಅವಳೊಬ್ಬಳೇ ಕದ್ದಿದ್ದಾಳೆ ಅಂದುಕೊಂಡಿದ್ದೆ. ನೀನು ಅದನ್ನೇ ತೋರಿಸಿ ಕೋರ್ಸಿನೊಳಗೆ ಹೋಗಿದ್ದೀಯ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರು ಇರುತ್ತಾರೆ, ನೀನು ಸ್ವಂತ ಅಕ್ಕನನ್ನೇ ತಳ್ಳಿದೆ. "ಅವನು ನನ್ನ ತಮ್ಮ. ಅಲ್ಲಿ ಇರಲಿಲ್ಲ" ಅಂತ ಮೇಡಂಗೆ ಹೇಳಿ ಬಂದೆ. ಅದಕ್ಕೇ ನಿನ್ನ ಮನೆಗೆ ಬರಲಿಲ್ಲ.

ಈಗ ನೀನು ಕೇಳುವವನು. ನಾನು ಹೇಳಿದ್ದನ್ನು ನನಗೆ ಮರಳಿ ಬರಿ.

ಅಕ್ಕ


ನವೆಂಬರ್ 8

ಅಕ್ಕ,

ನಿನ್ನನ್ನು ಗುರುತಿಸಿಯೂ ಮುಚ್ಚಿಟ್ಟದ್ದಕ್ಕೆ ಅವಳ ಸರ್ಟಿಫಿಕೇಟ್ ತಡೆದಿದ್ದಾರೆ. ಹಾಸ್ಟೆಲಿನ ಕೆಲಸ ಹೋಯಿತು. ನರ್ಸಮ್ಮ ಅವಳ ಪಕ್ಕ ಕೂರುವುದಿಲ್ಲ. ನೀನು ನನ್ನ ಅಕ್ಕ ಅಂತ ತಿಳಿದ ಮೇಲೆ ನನ್ನನ್ನೂ ಕರೆದು ಕೇಳಿದರು, ನಿನಗೆ ಬರೆದದ್ದನ್ನು ಒಪ್ಪಿಕೊಂಡೆ. ಕೋಣೆಯ ಮಾತು ದಾಟಿಸಿದ್ದಕ್ಕೆ ನಾನೂ ಹೊರಗೆ. ಮುಂದೆ ಸೇರಿಸಿಕೊಳ್ಳುವ ಮಾತೂ ಇಲ್ಲವಂತೆ. ಸೇಡು ನಿನ್ನದು, ಸರಿ. ನನ್ನನ್ನೇಕೆ ಸುಟ್ಟೆ? ನೀನು ಕೈಗೆ ಬಟ್ಟೆ ಸುತ್ತಿಕೊಂಡು ಬಂದಾಗ ಬಾಗಿಲು ತೆಗೆದವನು ನಾನು. ಅಪ್ಪ ಅಮ್ಮ ಆಮೇಲೆ ನಿನ್ನೊಬ್ಬಳನ್ನೇ ನೋಡುತ್ತಿದ್ದರು. ಅದು ನನ್ನ ಗಾಯವಲ್ಲವಾ? ಸುಳ್ಳು ಹೇಳಿದ್ದು ಹೌದು, ಆದರೆ ಪೂರ್ತಿ ಸುಳ್ಳು ಅನ್ನಬೇಡ.

ಆದರೂ ನೀನು ಕೇಳಿದ್ದಕ್ಕೆ ಬರೆಯುತ್ತೇನೆ.

ನೀನು ವಾರ್ಡನ್‌ಗೆ ನಿಜ ಹೇಳಿದ್ದಕ್ಕೆ ಅವಳು ನಿನ್ನನ್ನು ಹೊದಿಕೆ ಕೋಣೆಗೆ ತಳ್ಳಿದಳು. ನೀನು ಚೌಕಟ್ಟು ಹಿಡಿದಿದ್ದೆ. ಅವಳು ನಿನ್ನ ಕೈ ನೋಡಿ, ಮುಖ ನೋಡಿ, ಬಾಗಿಲು ಎಳೆದಳು. ನಿನ್ನನ್ನು ಹುಚ್ಚಿ ಅಂದಳು. ಅಪ್ಪ ನಂಬಿದರು. ಆ ದಿನದಿಂದ ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ. ಆ ಬಾಗಿಲು ನನ್ನ ಬಾಲ್ಯದ ಮೇಲೂ ಮುಚ್ಚಿಕೊಂಡಿತು. ಇವತ್ತಿಗೂ ನಿನ್ನ ಕೈ ನೋಡಿದರೆ ನನ್ನ ಎದೆ ಒಡೆಯುತ್ತದೆ.

ನಿನ್ನ ತಮ್ಮ


ನವೆಂಬರ್ 15

ಪುಟ್ಟಾ,

ಅಪ್ಪ ನಂಬಿದರು ಅನ್ನುವವರೆಗೆ ಸರಿ ಇದೆ. ಆಮೇಲೆ ಕತೆಯೊಳಗೆ ನೀನು ಬಂದೆ.

ನೀನು ಕಂಡದ್ದು ಬ್ಯಾಂಡೇಜು. ನಿನ್ನನ್ನು ಯಾರೂ ನೋಡದೆ ಹೋದದ್ದೂ ನಿಜ, ಅದು ನಿನ್ನ ಗಾಯ, ಅದನ್ನು ಯಾರ ಮುಂದೆ ಬೇಕಾದರೂ ಹೇಳಿಕೋ, ನಾನೂ ಒಂದು ದಿನ ಕೂತು ಕೇಳುತ್ತೇನೆ. ಆದರೆ ನಾನು ಕೇಳಿದ್ದು ಅದನ್ನಲ್ಲ.

ಅಮ್ಮ ನೀನು ಯಾವಾಗ ಬರುತ್ತೀಯ ಅಂತ ದಿನಾ ಕೇಳುತ್ತಾಳೆ. ಏನೋ ಬರೆಯುವುದಿದೆಯಂತೆ, ಮುಗಿದ ಮೇಲೆ ಬರುತ್ತಾನೆ ಅಂತ ಹೇಳಿದ್ದೇನೆ.

ನಿನ್ನ ಕಾಗದ ಇದರ ಜೊತೆ ವಾಪಸ್ ಕಳಿಸಿದ್ದೇನೆ. ಇನ್ನೊಮ್ಮೆ ಬರಿ.

ಅಕ್ಕ